ಖೂನ ಇಲ್ಲದ ತಾರು

ಸ್ಟೇಷನ್ ರಸ್ತೆ

ವಿಜಾಪುರಕ್ಕೆ ಹೋಗಿ ಗೋಳಗುಮ್ಮಟ ಹತ್ತದೆ ಹಿಂದಿರುಗಿದವನು ನಾನೊಬ್ಬನೇ ಇರಬೇಕು. ಹೊರಟಾಗ ಇದ್ದ ಉದ್ದೇಶ ಅದೊಂದೇ. ಮಹಾಯುದ್ಧ ಮುಗಿದ ಮರುವರ್ಷ ಅದು. ಕಚೇರಿಯಲ್ಲಿ ಬಹುಕಾಲದ ಮೇಲೆ ರಜೆ ಸಿಕ್ಕಿತ್ತು. ಮೈಸೂರಿನ ನಮ್ಮ ಮನೆಯವರು ಮಾಡಿದ ಗಲಾಟೆ ನೋಡಿದ್ದರೆ ನಾನು ವಿಲಾಯಿತಿಗೆ ಹಡಗು ಹತ್ತುತ್ತಿದ್ದೇನೆಂದು ಯಾರಾದರೂ ತಿಳಿಯಬಹುದಿತ್ತು. ಸಂಸ್ಥಾನದ ಗಡಿ ದಾಟಿದರೆ ಮುಂಬಯಿ ಪ್ರಾಂತ್ಯ. ಅಲ್ಲಿಯ ಕಾನೂನು ಬೇರೆ, ಊಟ ಬೇರೆ, ಕನ್ನಡವೂ ಬೇರೆ. ಅಂದಮೇಲೆ ಅದು ಪರದೇಶವೇ ಎಂದು ನನ್ನ ಸೋದರತ್ತೆ ತೀರ್ಪು ಕೊಟ್ಟು, ಡಬ್ಬಿ ತುಂಬ ಚಟ್ನಿಪುಡಿ ಕಟ್ಟಿಕೊಟ್ಟರು.

ನಾನು ತಂತಿ ಕಚೇರಿಯ ಗುಮಾಸ್ತ. ಹಿಂದೆ ನಾನು ಬೆಂಗಳೂರಿನಲ್ಲಿದ್ದಾಗ ತಂತಿಯ ಹುಬ್ಬಳ್ಳಿ ತುದಿಯಲ್ಲಿ ಗುರುಪಾದಪ್ಪ ಎನ್ನುವವರು ಕೂರುತ್ತಿದ್ದರು. ಕೆಲಸ ಕಡಿಮೆಯಿದ್ದ ಹೊತ್ತಿನಲ್ಲಿ ನಾವಿಬ್ಬರೂ ಅದೇ ತಂತಿಯ ಮೇಲೆ ಕಷ್ಟಸುಖ ಮಾತಾಡಿಕೊಂಡಿದ್ದೆವು. ಆಮೇಲೆ ಅವರಿಗೆ ವಿಜಾಪುರಕ್ಕೆ ವರ್ಗವಾಯಿತು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ನಮ್ಮ ಕಸುಬಿನಲ್ಲಿ ಅದೇನೂ ದೊಡ್ಡ ಕೊರತೆಯಲ್ಲ. ತಂತಿಯ ಕೀಲಿ ಒತ್ತುವ ರೀತಿ ಒಬ್ಬೊಬ್ಬರದು ಒಂದೊಂದು ಥರ, ಅದಕ್ಕೆ ನಾವು 'ಕೈ' ಅನ್ನುತ್ತೇವೆ. ಗುರುಪಾದಪ್ಪನವರ ಕೈ ಕೊಂಚ ಅವಸರದ್ದು. ನನ್ನದು ಕಾಲೆಳೆದುಕೊಂಡು ನಡೆಯುವಂಥದ್ದು ಎಂದು ಅವರು ಗೇಲಿ ಮಾಡುತ್ತಿದ್ದರು.

ಬರುವ ಸಂಗತಿಯನ್ನು ಹಿಂದಿನ ದಿನವೇ ತಂತಿಯಲ್ಲಿ ತಿಳಿಸಿದ್ದೆ. ಆದರೂ ಸ್ಟೇಷನ್ನಿಗೆ ಯಾರೂ ಬಂದಿರಲಿಲ್ಲ. ಟಾಂಗಾ ಹಿಡಿದು, ಮೈಮೇಲೆಲ್ಲ ಕೆಂಪು ಧೂಳು ಮೆತ್ತಿಸಿಕೊಂಡು ತಂತಿ ಕಚೇರಿಗೆ ಹೋದೆ. ಕಟಕಟೆಯ ಆಚೆ ದಪ್ಪ ಮೀಸೆಯವರೊಬ್ಬರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. "ಸ್ವಲ್ಪ ತಡೀರಿ, ತಾರು ಬರಾಕತ್ತೈತಿ," ಎಂದರು, ತಲೆ ಎತ್ತಲಿಲ್ಲ. ನಾವು ತಂತಿ ಅನ್ನುವುದಕ್ಕೆ ಅಲ್ಲಿ ತಾರು ಅನ್ನುತ್ತಾರೆ. ಯಂತ್ರದ ಸದ್ದಿಗೆ ಕಿವಿಗೊಟ್ಟೆ. ಬರುತ್ತಿದ್ದುದು ನನ್ನದೇ ತಂತಿ! ಮಂಗಳವಾರ ಬರುತ್ತೇನೆ, ಸ್ಟೇಷನ್ನಿಗೆ ಬನ್ನಿ ಎಂದು ನಾನು ನಿಂತಿದ್ದ ಕಡೆಗೇ ನನ್ನ ಸುದ್ದಿ ತೆವಳಿಕೊಂಡು ಬರುತ್ತಿತ್ತು. ದಂಡಿನ ತಂತಿಗಳಿಗೆ ದಾರಿ ಬಿಟ್ಟು ಬಿಟ್ಟು ರೈಲಿಗಿಂತ ಹಿಂದೆ ಬಿದ್ದಿತ್ತು. ನಾನು ಮಾತಾಡದೆ, ಬೆರಳ ಗೆಣ್ಣಿನಿಂದ ಕಟಕಟೆಯ ಮೇಲೆ ನನ್ನ ಹೆಸರಿನ ಅಕ್ಷರಗಳನ್ನು ಬಡಿದೆ. ಅವರ ಪೆನ್ಸಿಲು ನಿಂತಿತು.

"ಯಪ್ಪಾ! ಕಾಲೆಳಿಯೂ ಕೈ ಬಂತಲ್ಲೋ!" ಎಂದು ಎದ್ದು ಬಂದು ಅಪ್ಪಿಕೊಂಡರು.

ನಾನಿನ್ನೂ ಚಹಾ ಕುಡಿಯುತ್ತಿದ್ದಾಗ ಯಂತ್ರ ಮತ್ತೆ ಬಡಿದುಕೊಳ್ಳತೊಡಗಿತು. ಪರರ ತಂತಿ ಕೇಳಬಾರದು ಎಂಬುದು ನಿಯಮ, ಆದರೆ ನಮ್ಮಂಥವರ ಕಿವಿಗೆ ರೆಪ್ಪೆಯಿಲ್ಲ. ಪುಣೆಯ ಕಡೆಯ ದಂಡಿನ ತಾಣದಿಂದ ಬಂದದ್ದು. ಬಬಲೇಶ್ವರದ ಸಂಗವ್ವ ಎಂಬಾಕೆಗೆ ಸೇರಬೇಕು. 'ಗುರುವಾರ ಬೆಳಗಿನ ರೈಲಿನಲ್ಲಿ ವಿಜಾಪುರ ಹಾಯುತ್ತೇನೆ. ಅವ್ವ, ನೀಲವ್ವ, ಮಗು ಸ್ಟೇಷನ್ನಿಗೆ ಬರಲಿ. ಮಲ್ಲಪ್ಪ.'

ಗುರುಪಾದಪ್ಪನವರು ಬರೆದು ಮುಗಿಸಿ ಕಿಟಕಿಯಾಚೆ ನೋಡಿದರು. "ಬಬಲೇಶ್ವರಕ್ಕ ತಂತಿಕಂಬ ಇಲ್ರಿ ರಾಯರ. ತಾರು ಇಲ್ಲೀತನಕ ಓಡಿ ಬರತೈತಿ, ಇಲ್ಲಿಂದ ಮುಂದ ಮೋಟಾರದಾಗ ಕುಂದರತೈತಿ."

"ಮೋಟಾರು ಯಾವಾಗ ಹೊರಡುತ್ತೆ?"

"ಬಬಲೇಶ್ವರದ ಮೋಟಾರು ಸೊಲ್ಲಾಪುರ ರಸ್ತೆದಾಗ ರಿಪೇರಿಗೆ ನಿಂತೈತಿ. ತಿಕೋಟಾದ್ದು ನಾಳೆ ಮುಂಜಾನೆ ಹೋಗತೈತಿ. ಅಲ್ಲಿಂದ ಟಪಾಲಿನ ಭೀಮಪ್ಪ ಗಾಡಿ ಕಟ್ಟಿಸಿಕೊಂಡು ಅಡ್ಡದಾರಿ ಹಿಡಿತಾನ. ಗುರುವಾರದೊಳಗ ಮುಟ್ಟಿದ್ರ ಆ ಹೆಣಮಕ್ಕಳ ಪುಣ್ಯ."

ತಂತಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ನಾನೂ ಅದೇ ಮೋಟಾರಿನಲ್ಲಿ ಹೋಗಿ ಬರುತ್ತೇನೆ, ಸೀಮೆಯನ್ನೂ ನೋಡಿದಂತಾಯಿತು, ತಂತಿ ತಲುಪುವುದನ್ನೂ ಕಂಡಂತಾಯಿತು ಎಂದೆ. ಗುಮ್ಮಟ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ತಿಕೋಟಾ

ತಂತಿಕಂಬಗಳು ರೈಲು ಹಳಿಯ ಜೊತೆಗೇ ಊರಿಗೆ ಬರುತ್ತವೆ, ಅದರ ಜೊತೆಗೇ ಊರು ಬಿಟ್ಟು ಹೋಗುತ್ತವೆ. ತಿಕೋಟಾದ ದಾರಿಗೆ ಹೊರಳಿದ ಮೇಲೆ ಒಂದು ಕಂಬವೂ ಕಾಣಲಿಲ್ಲ. ಕಣ್ಣು ಹಾಯುವಷ್ಟು ದೂರ ಕರಿಯ ನೆಲ, ಅದರ ಮೇಲೆ ಮೊಳಕಾಲೆತ್ತರದ ಬಿಳಿಜೋಳ. ನಮ್ಮ ಕಡೆ ಇಷ್ಟು ಹೊತ್ತಿಗೆ ಹತ್ತು ತೆಂಗಿನ ತೋಟ, ಎರಡು ಕೆರೆ ಹಾದುಹೋಗಿರುತ್ತಿದ್ದವು. ಇಲ್ಲಿ ನೆರಳೆಂದರೆ ಮೋಟಾರಿನದು ಮಾತ್ರ.

ಪೆಟ್ರೋಲು ಸಿಗದ ಕಾಲ, ಮೋಟಾರು ಓಡುತ್ತಿದ್ದುದು ಇದ್ದಿಲಿನಿಂದ. ಹಿಂಭಾಗಕ್ಕೆ ಉದ್ದನೆಯ ಒಲೆ ಕಟ್ಟಿದ್ದರು. ಹೊರಡುವ ಮೊದಲು ಕ್ಲೀನರ್ ಅದಕ್ಕೆ ಗಾಳಿ ತಿರುವಿ ತಿರುವಿ ಬೆವತು ಹೋಗಿದ್ದ. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ನಡೆದೆವು. ಮೂರನೆಯ ಏರಿನಲ್ಲಿ ಅದು ಪೂರ್ತಿ ನಿಂತೇಬಿಟ್ಟಿತು. ಎಲ್ಲರೂ ಸಹಜವಾಗಿ ಇಳಿದು, ಬುತ್ತಿ ಬಿಚ್ಚಿ ಕೂತರು. ನಮ್ಮಲ್ಲಾದರೆ ಡ್ರೈವರನಿಗೆ ಬುದ್ಧಿ ಹೇಳುವವರು ನಾಲ್ಕು ಜನ ಹುಟ್ಟಿಕೊಳ್ಳುತ್ತಿದ್ದರು. ನನ್ನ ಚಟ್ನಿಪುಡಿಯನ್ನು ನೆರೆಯವರೊಬ್ಬರಿಗೆ ಕೊಟ್ಟೆ. ಅವರು ನಾಲಿಗೆಗೆ ಹಚ್ಚಿಕೊಂಡು, "ಇದರಾಗ ಬೆಲ್ಲ ಹಾಕ್ಯಾರಲ್ರಿ, ಆರಾಮಿಲ್ಲದವರಿಗೆ ಮಾಡಿದ್ದೇನ್ರಿ?" ಎಂದು ಮರುಗಿದರು. ಆಮೇಲೆ ತಮ್ಮ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿಯ ಖಾರದ ಪುಡಿ, ಕೊಟ್ಟರು. ಕಣ್ಣಲ್ಲಿ ನೀರು ಬಂತು, ಆದರೂ ಎರಡನೆಯ ಸಲ ಕೇಳಿ ಹಾಕಿಸಿಕೊಂಡೆ.

ಡ್ರೈವರ್ ಸಾಯಬಣ್ಣ ಭಾರಿ ಆಳು. ದಾರಿಯಲ್ಲಿ ಹೊಲದ ಬದುವಿನಲ್ಲಿ ಒಬ್ಬ ಹೆಂಗಸು ಕೈ ಎತ್ತಿ ನಿಂತಿದ್ದಳು. ಹತ್ತುವುದಕ್ಕಲ್ಲ, ಹೇಳುವುದಕ್ಕೆ.

"ತಿಕೋಟಾದಾಗ ನಮ್ಮಣ್ಣಗ ಹೇಳೋ ಸಾಯಬಣ್ಣ, ನಾಳೆ ಎತ್ತು ಹೊಡಕೊಂಡು ಬರಬೇಕಂತ."

"ಖೂನ ಹೇಳವಾ."

"ಅವ್ವನ ಬೀಸುಕಲ್ಲಿನ ಗೂಟ ಯಾರು ಮುರದಿದ್ರು, ಅದು ನಮ್ಮಿಬ್ಬರಿಗಷ್ಟ ಗೊತ್ತು. ಅಂವಾ ಮುರದಿದ್ದ, ನಾ ಬೈಸಿಕೊಂಡಿದ್ದೆ."

ಸಾಯಬಣ್ಣ ಅದನ್ನು ಒಮ್ಮೆ ಬಾಯಲ್ಲೇ ತಿರುಗಿಸಿ ಹೇಳಿ ಗಾಡಿ ಬಿಟ್ಟ. ಖೂನ ಎಂದರೆ ಗುರುತು. ಬಾಯಿಮಾತಿನ ಸುದ್ದಿ ಕಳಿಸುವವರು ತಮಗೂ ಕೇಳುವವರಿಗೂ ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲದ ಒಂದು ಮಾತನ್ನು ಅದರ ಬಾಲಕ್ಕೆ ಕಟ್ಟಬೇಕು. ಒಮ್ಮೆ ಕೊಟ್ಟ ಖೂನವನ್ನು ಮತ್ತೆ ಕೊಡುವಂತಿಲ್ಲ, ಏಕೆಂದರೆ ಅಷ್ಟರಲ್ಲಿ ಅದು ಮೋಟಾರಿನವರಿಗೆಲ್ಲ ಗೊತ್ತಾಗಿರುತ್ತದೆ. ಖೂನ ಇಲ್ಲದ ಸುದ್ದಿಯನ್ನು ಆ ಸೀಮೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೀಗೆ ಮನೆಮನೆಯ ಗುಟ್ಟೆಲ್ಲ ಮೋಟಾರು ಹತ್ತಿ ಊರೂರು ತಿರುಗುತ್ತದಲ್ಲ ಎಂದು ನಾನು ನಕ್ಕೆ. ಸಾಯಬಣ್ಣ ನಗಲಿಲ್ಲ.

ತಿಕೋಟಾ ಮುಟ್ಟಿದಾಗ ಆ ಅಣ್ಣ ಚಹಾದಂಗಡಿಯ ಮುಂದೆಯೇ ಇದ್ದ. ಸುದ್ದಿ ಕೇಳಿ ಸುಮ್ಮನಿದ್ದವನು ಬೀಸುಕಲ್ಲಿನ ಮಾತು ಬಂದೊಡನೆ ನಾಚಿಕೊಂಡು, "ಹೌದು, ಅಕೀನ," ಎಂದು ಎದ್ದ. ಅದೇ ಅಂಗಡಿಯ ಕಟ್ಟೆಯ ಮೇಲೆ ಟಪಾಲಿನ ಭೀಮಪ್ಪ ಕಾಯುತ್ತಿದ್ದ. ಮೋಟಾರು ತಂದ ಚೀಲದೊಳಗಿನ ತಾರನ್ನು ಎದೆಯ ಜೇಬಿಗೆ ವರ್ಗಾಯಿಸಿಕೊಂಡು ನನ್ನನ್ನು ಗಾಡಿ ಹತ್ತಿಸಿದ.

ಬಬಲೇಶ್ವರ

ಸಂಗವ್ವನ ಮನೆ ಊರ ಅಂಚಿನಲ್ಲಿತ್ತು. ಮಣ್ಣಿನ ಮಾಳಿಗೆ, ಒಳಗೆ ಕಾಲಿಟ್ಟರೆ ಮೊದಲು ಎತ್ತುಗಳು, ಆಮೇಲೆ ಮನುಷ್ಯರು. ದನಕ್ಕೆ ಮನೆಯೊಳಗೇ ಮುಂದಿನ ಕೋಣೆ ಕೊಡುವುದು ನನಗೆ ಹೊಸದು. ಒಂದು ಜೊತೆ ಬಿಳಿಯ ಎಳೆಯ ಎತ್ತು ನನ್ನನ್ನು ಪರೀಕ್ಷೆ ಮಾಡಿ ನೋಡಿ ಮತ್ತೆ ಮೇವಿಗೆ ಬಾಯಿ ಹಾಕಿದವು.

"ನಿನ್ನ ಮಗನ ತಾರು ಬಂದೈತಿ ಬೇ," ಎಂದ ಭೀಮಪ್ಪ. ಆಕೆ ಜೋಳ ಹಸನು ಮಾಡುವುದನ್ನು ನಿಲ್ಲಿಸಿದಳು. ಬಾಗಿಲ ಸಂದಿಯಲ್ಲಿ ಸೊಸೆ ನೀಲವ್ವನ ಸೀರೆ ಕಂಡಿತು, ಅದನ್ನು ಹಿಡಿದುಕೊಂಡು ನಿಂತಿದ್ದ ಮೊಮ್ಮಗಳು ಶಾಂತಾ ಕಂಡಳು. ಮಲ್ಲಪ್ಪ ದಂಡಿಗೆ ಹೋದಾಗ ಅವಳಿನ್ನೂ ಹುಟ್ಟಿರಲಿಲ್ಲವಂತೆ. ಅಪ್ಪನ ಮುಖ ಮಗಳು ಕಂಡಿಲ್ಲ, ಮಗಳ ಮುಖ ಅಪ್ಪ ಕಂಡಿಲ್ಲ. ಇಂಗ್ಲಿಷಿನ ತಾರನ್ನು ನಾನೇ ಕನ್ನಡದಲ್ಲಿ ಓದಿ ಹೇಳಿದೆ. ನೀಲವ್ವ ಬಾಗಿಲು ಬಿಟ್ಟು ಈಚೆ ಬಂದೇಬಿಟ್ಟಳು.

ಸಂಗವ್ವ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. "ಖೂನ?" ಎಂದಳು.

"ಖೂನ ಇಲ್ಲಮ್ಮ. ಆದರೆ ಇದು ಸರ್ಕಾರದ ತಂತಿ, ಇದರಲ್ಲಿ ಸುಳ್ಳು ಬರೋದಿಲ್ಲ."

"ಸರಕಾರ ನನ್ನ ಮಗನ್ನ ಹಡದೈತೇನ್ ಯಪ್ಪಾ?"

ಭೀಮಪ್ಪ ನನ್ನನ್ನು ಬದಿಗೆ ಕರೆದು ಹಿಂದಿನ ಕತೆ ಹೇಳಿದ. ಯುದ್ಧ ಇನ್ನೂ ನಡೆಯುತ್ತಿದ್ದಾಗ ಯಾರೋ ದಾರಿಹೋಕ ಬಂದು, ನಿಮ್ಮ ಮಗ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಮಲಗಿದ್ದಾನೆ ಎಂದು ಹೇಳಿ ಹೋದ. ಖೂನ ಕೇಳುವಷ್ಟು ಸಮಾಧಾನ ಆಗ ಯಾರಿಗಿತ್ತು? ಅತ್ತೆ, ಸೊಸೆ ಕೈಗೂಸು ಕಟ್ಟಿಕೊಂಡು ಅಳುತ್ತಾ ಸೊಲ್ಲಾಪುರಕ್ಕೆ ಹೋದರು. ಅಲ್ಲಿ ಯಾವ ಮಲ್ಲಪ್ಪನೂ ಇರಲಿಲ್ಲ. ತಿರುಗಿ ಬರುವಷ್ಟರಲ್ಲಿ ಮನೆಯ ಎತ್ತುಗಳು ಕಳುವಾಗಿದ್ದವು, ಅವುಗಳ ಹಗ್ಗವೂ ಉಳಿದಿರಲಿಲ್ಲ. ಮರುವರ್ಷ ಹೊಲ ಬೀಳು ಬಿತ್ತು. ಆಮೇಲೆ ಸಂಗವ್ವ ಮಗನಿಗೆ ಬರೆಸಿದಳು: ಇನ್ನು ಮೇಲೆ ಖೂನ ಇಲ್ಲದೆ ನಿನ್ನ ಯಾವ ಸುದ್ದಿಯನ್ನೂ ನಂಬುವುದಿಲ್ಲ. ಅವನೂ ಒಪ್ಪಿಕೊಂಡ. ಅಂದಿನಿಂದ ಬಂದ ಪ್ರತಿ ಕಾಗದದ ಕೊನೆಯಲ್ಲಿ ಒಂದು ಹೊಸ ಖೂನ ಇದ್ದೇ ಇರುತ್ತಿತ್ತಂತೆ.

ಅಷ್ಟು ಕೇಳಿದಾಗ ಏನಾಗಿರಬಹುದೆಂದು ನನಗೆ ಹೊಳೆಯಿತು. ಯುದ್ಧ ಮುಗಿದಿದ್ದರೂ ಯುದ್ಧಕಾಲದ ನಿಯಮಗಳು ಮುಗಿದಿರಲಿಲ್ಲ. ತಂತಿಯಲ್ಲಿ ಸಂಬಂಧವಿಲ್ಲದ ಮಾತು ಕಂಡರೆ ಅದು ಗೂಢಲಿಪಿ ಇರಬಹುದೆಂದು ಗುಮಾಸ್ತ ಹೊಡೆದುಹಾಕಬೇಕು. ಮಲ್ಲಪ್ಪ ಖೂನ ಬರೆದಿದ್ದಾನೆ, ಆ ತುದಿಯವರು ಅದನ್ನು ಕಿತ್ತುಹಾಕಿದ್ದಾರೆ. ಇದನ್ನು ಸಂಗವ್ವನಿಗೆ ಬಿಡಿಸಿ ಬಿಡಿಸಿ ಹೇಳಿದೆ. ಆಕೆ ಪೂರ್ತಿ ಕೇಳಿದಳು.

"ಖೂನ ಕಿತ್ತರಂದ್ರ ಉಳದದ್ದು ನನ್ನ ಮಗನ ಮಾತು ಹ್ಯಾಂಗಾತು? ಅದು ಯಾರ ಮಾತರ ಆಗಬಹುದು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ದೂರದಿಂದ ಬಂದ ಸುದ್ದಿ, ಇದ್ದಿಲ ಮೋಟಾರು ಏರಿ, ಎತ್ತಿನ ಗಾಡಿ ಏರಿ, ಹೊತ್ತಿಗೆ ಸರಿಯಾಗಿ ಮನೆಯೊಳಗೆ ಬಂದಿದೆ. ಇನ್ನೊಂದು ಮಾರು ದಾಟಿ ಈ ಮುದುಕಿಯ ಕಿವಿಗೆ ಹೋಗುತ್ತಿಲ್ಲ! ಸಿಟ್ಟು ಇಳಿದ ಮೇಲೆ ಇನ್ನೊಂದು ಯೋಚನೆ ಬಂತು. ಹಿಂದಿನ ದಿನ ಗುರುಪಾದಪ್ಪನವರು ನನ್ನನ್ನು ನಂಬಿದ್ದಾದರೂ ಹೇಗೆ? ನಾನು ಕಟಕಟೆ ಬಡಿದದ್ದನ್ನು ಕೇಳಿ ತಾನೇ.

ಆಗ ನೀಲವ್ವ ಮೊದಲ ಸಲ ಬಾಯಿ ಬಿಟ್ಟಳು. "ಅತ್ತಿ, ಸುಳ್ಳಾದ್ರ ವಿಜಾಪುರ ನೋಡಿ ಬಂದಂಗಾಗತೈತಿ. ಖರೇ ಇದ್ರ? ರೈಲು ನಮ್ಮ ಸಲುವಾಗಿ ತಿರುಗಿ ಬರತೈತೇನು?"

ಸಂಗವ್ವ ಬಹಳ ಹೊತ್ತು ಜೋಳದಲ್ಲಿ ಕಲ್ಲು ಹುಡುಕಿದಳು. "ನೀ ಹೋಗು. ಕೂಸಿನ್ನ ಕರಕೊಂಡು ಹೋಗು. ನಾ ಬರೂದಿಲ್ಲ, ಎತ್ತಿನ ಹತ್ರ ಒಬ್ಬರು ಇರಾಕ ಬೇಕು."

"ಅಮ್ಮ, ನೆರೆಯವರು ನೋಡಿಕೊಳ್ಳೋದಿಲ್ಲವೇ?" ಎಂದೆ.

"ಹ್ವಾದ ಸಲಾನೂ ನೆರಿಯವರು ಇದ್ರು."

ಅಷ್ಟು ಹೇಳಿ ಎದ್ದು ಒಳಗೆ ಹೋದಳು. ಪಕ್ಕದ ಮನೆಯವರ ಗಾಡಿ ಹೂಡುವಷ್ಟರಲ್ಲಿ ಒಂದು ಬಟ್ಟೆಯ ಗಂಟು ತಂದು ಸೊಸೆಯ ಮಡಿಲಿಗಿಟ್ಟಳು. ಬಿಸಿ ಇನ್ನೂ ಆರಿರಲಿಲ್ಲ, ಶೇಂಗಾ ಹೋಳಿಗೆಯ ವಾಸನೆ ಬರುತ್ತಿತ್ತು. "ಸುಳ್ಳಾದ್ರ ನೀವ ತಿನ್ರಿ," ಎಂದಳು. ಆಮೇಲೆ ಸೊಸೆಯ ಕಿವಿಯ ಹತ್ತಿರ ಬಗ್ಗಿ, "ಮದಲ ಖೂನ ಕೇಳು," ಎಂದದ್ದು ನನಗೂ ಕೇಳಿಸಿತು.

ಮತ್ತೆ ಸ್ಟೇಷನ್

ಗಾಡಿ ರಾತ್ರಿಯೆಲ್ಲ ನಡೆದೇ ನಡೆಯಿತು. ಬೆಳಿಗ್ಗೆ ನಾವು ಸ್ಟೇಷನ್ ಮುಟ್ಟಿದಾಗ ಗುರುಪಾದಪ್ಪನವರು ಬಾಗಿಲಲ್ಲೇ ನಿಂತಿದ್ದರು. ರೈಲ್ವೆಯ ತಂತಿಯಲ್ಲಿ ವಿಚಾರಿಸಿ, ದಂಡಿನ ಡಬ್ಬಿಗಳು ರೈಲಿನ ಬಾಲದಲ್ಲಿವೆ, ಪ್ಲಾಟ್‌ಫಾರಂ ಅವಕ್ಕೆ ಸಾಲುವುದಿಲ್ಲ ಎಂದು ತಿಳಿದುಕೊಂಡಿದ್ದರು. ಆ ಒಂದು ಮಾತಿನಿಂದ ನಾವು ಸರಿಯಾದ ಕಡೆ ಹೋಗಿ ಜಲ್ಲಿಯ ಮೇಲೆ ನಿಂತೆವು. ನನ್ನ ತಂತಿಗೆ ಒಂದಿಷ್ಟು ಮಾನ ಬಂತು ಎಂದುಕೊಂಡೆ.

ರೈಲು ಬಂದಾಗ ಕಿಟಕಿಗಳ ತುಂಬ ಖಾಕಿ. ಎಲ್ಲರ ತಲೆಯೂ ಒಂದೇ ರೀತಿ ಬೋಳು, ಎಲ್ಲರ ಮುಖವೂ ಒಂದೇ ರೀತಿ ಕಪ್ಪು. ನೀಲವ್ವ ಒಂದೊಂದೇ ಕಿಟಕಿ ನೋಡುತ್ತ ನಡೆದಳು. ಕೊನೆಯಿಂದ ಎರಡನೆಯ ಡಬ್ಬಿಯಲ್ಲಿ ಒಬ್ಬ ಸೊಂಟದವರೆಗೆ ಹೊರಗೆ ಬಾಗಿ ಕೈ ಬೀಸಿದ. ಅವಳು ಸೆರಗು ಮುಂದೆಳೆದುಕೊಂಡು ಅವನ ಕೆಳಗೆ ಹೋಗಿ ನಿಂತಳು. ಅಷ್ಟು ವರ್ಷಗಳ ಮೇಲೆ ಗಂಡನನ್ನು ಕಂಡು ಅವಳಾಡಿದ ಮೊದಲ ಮಾತು, "ಖೂನ ಹೇಳ್ರಿ."

ಡಬ್ಬಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಲ್ಲಪ್ಪ ಮಾತ್ರ ಅವರನ್ನು ಸುಮ್ಮನಿರಿಸಿ, ಸಾಕ್ಷಿ ನುಡಿಯುವವನಂತೆ ನೆಟ್ಟಗೆ ನಿಂತು ಹೇಳಿದ. "ನಾ ಸಣ್ಣಂವ ಇದ್ದಾಗ ಜ್ವಾಳದ ಹಗೇವದಾಗ ಬಿದ್ದಿದ್ದೆ. ಅವ್ವ ಉಟ್ಟ ಸೀರಿ ಸೆರಗು ಇಳಿಬಿಟ್ಟು ಮ್ಯಾಲ ಎಳಕೊಂಡಳು. ಸೆರಗು ಹರೀತು. ಅಪ್ಪಗ ಮುಳ್ಳಿಗೆ ಸಿಕ್ಕು ಹರದೈತಂತ ಸುಳ್ಳು ಹೇಳಿದಳು." ಹಗೇವೆಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಒಳಗಿನ ಗಾಳಿ ಕೆಟ್ಟಿರುತ್ತದೆ, ಬಿದ್ದವರು ಉಳಿಯುವುದೇ ಕಷ್ಟ. "ತಾರಿನಾಗ ಬರದಿದ್ದೆನಲ್ಲಾ! ಅಲ್ಲಿಯ ಬಾಬು ಇದೇನು ಹಗೇವು, ಇದೇನು ಸೆರಗು ಅಂತ ಕೆಂಪು ಪೆನ್ಸಿಲಿಲೆ ಹೊಡದ. ಅವ್ವ ಎಲ್ಲಿ?"

ನೀಲವ್ವ ಶಾಂತಾಳನ್ನು ಎತ್ತಿ ಕಿಟಕಿಗೆ ಕೊಟ್ಟಳು. ಮಗು ಕಿರುಚಿಕೊಂಡು ಅಳತೊಡಗಿತು. ಮಲ್ಲಪ್ಪ ಅಳುವ ಮಗಳನ್ನು ಎದೆಗೆ ಒತ್ತಿಕೊಂಡೇ ಮತ್ತೆ ಕೇಳಿದ, "ಅವ್ವ ಎಲ್ಲಿ?"

"ಎತ್ತು ಕಾಯಾಕ ಕುಂತಾರ. ತಾರಿನಾಗ ಖೂನ ಇರಲಿಲ್ಲ."

ಮಲ್ಲಪ್ಪ ಅವಳು ಕೊಟ್ಟ ಹೋಳಿಗೆಯ ಗಂಟು ಬಿಚ್ಚಿ, ಒಂದನ್ನು ಮುರಿದು ಮಗಳ ಬಾಯಿಗಿಟ್ಟು, ಉಳಿದದ್ದನ್ನು ತಾನು ತಿಂದ. ತಿನ್ನುತ್ತ ತಿನ್ನುತ್ತ ಅವನ ಕಣ್ಣಿಂದ ನೀರಿಳಿಯಿತು. ಮದರಾಸಿನಲ್ಲಿ ಹಡಗು ಹತ್ತಿಸುತ್ತಾರಂತೆ, ಮತ್ತೆ ಬರ್ಮಾದ ಕಡೆಗೆ, ಬಿಡುಗಡೆ ಯಾವಾಗಲೋ ತಿಳಿಯದು. ಶಾಂತಾ ಹೋಳಿಗೆ ರುಚಿ ಹತ್ತಿ ಅಳು ನಿಲ್ಲಿಸಿದ ಹೊತ್ತಿಗೆ ಸೀಟಿ ಊದಿತು. ಮಗಳನ್ನು ಕೆಳಗಿಳಿಸಿ ಕೊಟ್ಟ. ಮದರಾಸಿನ ದಂಡಿನ ವಿಳಾಸ ಕೇಳಿ ನಾನು ಬಾಯಿಪಾಠ ಮಾಡಿಕೊಂಡೆ.

"ನೀವೂ ಊರಿಗೆ ಬರ್ರಿ," ಎಂದಳು ನೀಲವ್ವ. "ನಾ ಹೇಳಿದ್ರ ಸೊಸಿ ಮಾತು ಅಂತಾರ."

ಮೋಟಾರು ನಿಲ್ಲುವ ಜಾಗ

ಬಬಲೇಶ್ವರದ ಮೋಟಾರು ಅಂದೇ ರಿಪೇರಿ ಮುಗಿಸಿಕೊಂಡು ಹೊರಟಿತ್ತು, ಅದನ್ನೇ ಹತ್ತಿದೆವು. ಊರ ಹೊರಗೆ ಅದು ನಿಲ್ಲುವ ಬೇವಿನ ಮರದ ಕೆಳಗೆ ಸಂಗವ್ವ ನಿಂತಿದ್ದಳು. ಜೊತೆಯಲ್ಲಿ ಎರಡು ಎತ್ತು. ಬಿಟ್ಟು ಬರಲಾರದೆ ಅವುಗಳನ್ನು ಹೊಡೆದುಕೊಂಡೇ ಬಂದಿದ್ದಳು! ಯಾವಾಗ ಬಂದು ನಿಂತಿದ್ದಳೋ, ಎತ್ತುಗಳು ಮೆಲುಕು ಹಾಕುತ್ತ ಮಲಗಿಬಿಟ್ಟಿದ್ದವು.

ನಾನು ಹಗೇವಿನ ಮಾತು ಹೇಳಿದೆ, ಸೆರಗಿನ ಮಾತು ಹೇಳಿದೆ, ಮುಳ್ಳಿನ ಸುಳ್ಳನ್ನೂ ಹೇಳಿದೆ. ಆಕೆ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೇಳಿದಳು.

"ಹೌದು," ಎಂದಳು. "ಅಂವನ ಬಂದಿದ್ದ."

ಸ್ವಲ್ಪ ಹೊತ್ತಿನ ಮೇಲೆ ಸೊಸೆಯನ್ನು ಕೇಳಿದಳು, "ಸೊರಗ್ಯಾನೇನು?"

"ಸೊರಗ್ಯಾರ. ಹೋಳಿಗಿ ಎಲ್ಲಾ ತಿಂದ್ರು."

ಸಂಗವ್ವ ಅಲ್ಲೇ ಎತ್ತಿನ ಪಕ್ಕದಲ್ಲಿ ನೆಲಕ್ಕೆ ಕೂತು ಅತ್ತಳು. ನನಗಂತೂ ಆ ಕೆಂಪು ಪೆನ್ಸಿಲನ್ನು ಮುರಿದು ಬಿಸಾಡಬೇಕೆನಿಸಿತು. ಅತ್ತು ಮುಗಿದ ಮೇಲೆ ಆಕೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಿನ್ನ ತಾರು ಅಂವನ ರೈಲಿನ ಮುಂದ ಓಡತೈತೇನೋ ಯಪ್ಪಾ?"

"ಇವತ್ತೇ ಕಳಿಸಿದರೆ ಮದರಾಸಿಗೆ ಅವನಿಗಿಂತ ಮೊದಲು ಮುಟ್ಟುತ್ತಮ್ಮ," ಎಂದೆ. ಎರಡು ದಿನದ ಹಿಂದೆ ನನ್ನದೇ ತಂತಿ ನನ್ನ ಹಿಂದೆ ಬಂದದ್ದನ್ನು ಹೇಳಲಿಲ್ಲ.

"ಹಂಗಾರ ಹೇಳು. ಹರದ ಸೆರಗ ಹೊಲದು ಇಟ್ಟೇನಂತ ಹೇಳು. ಲಗೂನ ಬಾ ಅಂತ ಹೇಳು. ಸೆರಗಿನ ಮಾತು ಮಾತ್ರ ಕೀಳಬ್ಯಾಡ್ರಿ."

ಅದೇ ಮೋಟಾರಿನಲ್ಲಿ ವಿಜಾಪುರಕ್ಕೆ ಹಿಂದಿರುಗಿದೆ. ದಾರಿಯುದ್ದಕ್ಕೂ ಆ ಮಾತನ್ನು ಸಾಯಬಣ್ಣನ ಹಾಗೆ ಬಾಯಲ್ಲೇ ತಿರುಗಿಸಿಕೊಂಡೆ. ಲಗೂನ ಎಂದರೆ ಬೇಗ. ಗುರುಪಾದಪ್ಪನವರು ನನ್ನ ಮುಖ ನೋಡಿ, ಏನೂ ಕೇಳದೆ ಕುರ್ಚಿ ಬಿಟ್ಟುಕೊಟ್ಟರು. ನಾನೇ ಕೀಲಿ ಒತ್ತಿದೆ. ಸೆರಗಿನ ಮಾತು ಮುಗಿಯುತ್ತಿದ್ದಂತೆ ಆ ತುದಿಯ ಗುಮಾಸ್ತ ತಡೆದ. ಹರಿದ ಸೆರಗೆಂದರೇನು, ಗೂಢಲಿಪಿಯೋ ಎಂದು ಕೇಳಿದ.

ಗುರುಪಾದಪ್ಪನವರು ನನ್ನ ಕಡೆ ನೋಡಿದರು. ನಾನು ಕಾಲೆಳೆಯುವ ನನ್ನ ಕೈಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಒತ್ತಿದೆ: 'ಅಲ್ಲ. ಅವನ ತಾಯಿ.'

ಯಂತ್ರ ಮತ್ತೆ ಬಡಿದುಕೊಂಡಿತು. ಮುಂದಿನದು ಹೇಳಿ ಎಂದು ಬಂತು. ಲಗೂನ ಬಾ ಎಂಬುದನ್ನೂ ಕಳಿಸಿದೆ.